ಮುಖಚಿತ್ರದ ಹೊಣೆ

ಮುಖ ನೋಡಿ ಮಣೆ ಹಾಕುವುದು ಲೋಕರೂಢಿ. ಮನುಷ್ಯರ ವಿಷಯದಲ್ಲಿ ಈ ರೂಢಿಯನ್ನು ನಾವು ಮೇಲಿಂದ ಮೇಲೆ ಹಳಿಯುತ್ತೇವೆ. ಗಾನಮುದ್ರಿಕೆಯ ವಿಷಯದಲ್ಲಿ ಮಾತ್ರ ಯಾರೂ ಹಳಿಯುವುದಿಲ್ಲ. ಕೊಳ್ಳಲು ಬಂದು ನಿಂತವನಿಗೆ ಒಳಗಿನ ಹಾಡು ಕೇಳಿಸದು, ಮೇಲಿನ ಚಿತ್ರ ಕಾಣಿಸುತ್ತದೆ. ಆದುದರಿಂದ ಹಾಡಿನ ಪರವಾಗಿ ಚಿತ್ರವು ಸಾಕ್ಷಿ ನುಡಿಯಬೇಕಾಗುತ್ತದೆ. ಆ ಸಾಕ್ಷಿಯು ಸುಳ್ಳಾದರೆ ಹೊಣೆ ಯಾರದು? ಬರೆದ ಕೈ ಮನುಷ್ಯನದಾಗಿದ್ದಾಗ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಗಣಕಯಂತ್ರವೇ ಚಿತ್ರವನ್ನು ರಚಿಸಿಕೊಡುವ ಈ ಕಾಲದಲ್ಲಿ ಅದು ಅಷ್ಟು ಸುಲಭವಾಗಿ ಉಳಿದಿಲ್ಲ. ಮೇಣದ ಕಾಗದವನ್ನು ಉಕ್ಕಿನ ಲೇಖನಿಯಿಂದ ಕೊರೆದು, ಉರುಳೆಯನ್ನು ತಿರುವಿ ಪತ್ರಿಕೆ ತೆಗೆಯುವ ನಾವು ಗಣಕಯಂತ್ರದ ಚಿತ್ರಗಳನ್ನು ಕುರಿತು ಬರೆಯಹೊರಟುದನ್ನು ಕಂಡು ಕೆಲವರು ನಕ್ಕಾರು. ನಗಲಿ. ಪ್ರಶ್ನೆಯು ನಮ್ಮ ಬಾಗಿಲಿಗೇ ಬಂದು ಕುಳಿತುದರಿಂದ ಬರೆಯದೆ ವಿಧಿಯಿಲ್ಲ.

ಸಂಗತಿ ಚಿಕ್ಕದು. ಜಳಕೋಟದ ಸೀಮೆಯ ಒಂದು ಹಳ್ಳಿಯಲ್ಲಿ ಬೀಸುವ ಪದಗಳನ್ನು ಬಲ್ಲ ಆಯಿಯೊಬ್ಬರಿದ್ದಾರೆ. ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿಯೇ ಇದ್ದವೆಂಬುದನ್ನು ವಾಚಕರಿಗೆ ನೆನಪಿಸಬೇಕಾಗಿಲ್ಲ. ಗೆರೆ ಬದಲಾಯಿತು, ಅಂಗಳದ ಮಾತು ಮರಾಠಿಯಾಯಿತು, ಒಲೆಯ ಮುಂದಿನ ಮಾತು ಮಾತ್ರ ಅನೇಕ ಮನೆಗಳಲ್ಲಿ ಕನ್ನಡವಾಗಿಯೇ ಉಳಿಯಿತು. ಈ ಆಯಿಯ ಪದಗಳು ಆ ಒಲೆಯ ಮುಂದಿನವು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವುದು ನಿಂತಿತು, ಬೀಸುವುದು ನಿಂತ ಮೇಲೆ ಹಾಡುವುದೂ ನಿಲ್ಲುತ್ತ ಬಂದಿತು. ಪದಗಳು ಹೋಗಿಬಿಟ್ಟಾವೆಂದು ನಮ್ಮ ಗೆಳೆಯರು ಕೆಲವರು ಅವನ್ನು ಧ್ವನಿಮುದ್ರಿಸಿ, ನೂರು ಸಿ.ಡಿ. ಮಾಡಿಸಿ ಶಾಲೆಗಳಿಗೆ ಹಂಚಬೇಕೆಂದು ನಿಶ್ಚಯಿಸಿದರು. ಸಿ.ಡಿ. ಕೇಳುವ ಯಂತ್ರವಿಲ್ಲದವರಿಗೆ ಅದೇ ಹಾಡು ಮೊಬೈಲಿನಲ್ಲಿ, ಅದೇ ಮುಖಚಿತ್ರದೊಡನೆ.

ಮುಖಚಿತ್ರವನ್ನು ಯಾರು ಬರೆಯಬೇಕು? ಸಮಯವಿರಲಿಲ್ಲ, ನಿಜವನ್ನು ಹೇಳುವುದಾದರೆ, ನಮಗೆ ಸಹನೆಯಿರಲಿಲ್ಲ. ಬೀಸುಕಲ್ಲಿನ ಮುಂದೆ ಕುಳಿತು ಹಾಡುವ ಹಳ್ಳಿಯ ಮುದುಕಿ, ಮಣ್ಣಿನ ಗೋಡೆ, ಮುಂಜಾವಿನ ದೀಪ ಎಂದು ನಾವೇ ನಾಲ್ಕು ಮಾತುಗಳನ್ನು ಬೆರಳಚ್ಚಿಸಿದೆವು. ಅರೆನಿಮಿಷದಲ್ಲಿ ಚಿತ್ರ ಸಿದ್ಧವಾಯಿತು. ಎಂಥ ಸೊಗಸು! ದೀಪದ ಹೊಂಬಣ್ಣ ಮುದುಕಿಯ ಸುಕ್ಕುಗಳಲ್ಲಿ ಇಳಿದಿತ್ತು. ಎಲ್ಲರೂ ಭಲೆ ಎಂದೆವು. ನೂರು ಹೊದಿಕೆ ಅಚ್ಚಾದವು. ಮೊದಲ ಪ್ರತಿಯನ್ನು ಆಯಿಯ ಕೈಗೆ ಕೊಟ್ಟೆವು. ಅವರು ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಈ ಹೆಣ್ಣುಮಗಳು ಯಾರ್ರಿ, ಮಾಸ್ತರ? ಗೂಟ ಕಾಳ್ ಹಾಕೋ ಬಾಯಾಗೇ ಅದ. ಈಕಿ ಕಾಳು ಎಲ್ಲಿ ಹಾಕ್ತಾಳ್ರಿ?"

ನಾವು ಆಗ ನೋಡಿದೆವು. ಮೇಲಿನ ಕಲ್ಲಿನ ನಡುವೆ ಕಾಳು ಸುರಿಯುವ ಬಾಯಿರುವುದು, ಅಂಚಿನಲ್ಲಿ ಗೂಟವಿರುವುದು. ಚಿತ್ರದಲ್ಲಿ ಗೂಟವನ್ನು ನಟ್ಟನಡುವೆ, ಬಾಯಿಯಲ್ಲಿಯೇ ನೆಟ್ಟಿದ್ದಿತು. ಆ ಕಲ್ಲು ಕಲ್ಪಾಂತ್ಯದವರೆಗೆ ತಿರುಗಿದರೂ ಒಂದು ಹಿಡಿ ಜೋಳ ಹಿಟ್ಟಾಗದು. ಅಷ್ಟೇ ಆಗಿದ್ದರೆ ನಕ್ಕು ಮರೆಯಬಹುದಾಗಿತ್ತು. ಮುದುಕಿಯ ಹಿಂದಿನ ಗೋಡೆಯ ಮೇಲೆ ಯಂತ್ರವು ತಾನಾಗಿಯೇ ಏನನ್ನೋ ಬರೆದಿದ್ದಿತು. ದೂರದಿಂದ ಕನ್ನಡ, ಹತ್ತಿರ ಹೋದರೆ ಯಾವ ಅಕ್ಷರವೂ ಅಲ್ಲ. ತಲೆಕಟ್ಟು ಇದೆ, ಕೆಳಗೆ ಒತ್ತು ಇದೆ, ನಡುವೆ ಅಕ್ಷರವಿಲ್ಲ. ಮೂರನೆಯ ಇಯತ್ತೆಯ ಹುಡುಗನೊಬ್ಬ ಅದನ್ನು ಕೂಡಿಸಿ ಓದಲು ಹೆಣಗಾಡಿ, ತನಗೇ ಓದಲು ಬರುತ್ತಿಲ್ಲವೆಂದು ತಿಳಿದು ಸಪ್ಪಗೆ ಮೋರೆ ಹಾಕಿದನು. ಊರ ಫಲಕಗಳೆಲ್ಲ ದೇವನಾಗರಿಯಲ್ಲಿರುವ ಕಡೆ ಕನ್ನಡ ಅಕ್ಷರವನ್ನು ಕಾಣಲು ಶಾಲೆಗೇ ಹೋಗಬೇಕಾದ ಮಗುವಿಗೆ ನಾವು ಕೊಟ್ಟ ಕಾಣಿಕೆ ಇದು. ಆಯಿಯ ಪ್ರಶ್ನೆಗಿಂತ ಈ ಮಗುವಿನ ಮೋರೆ ನಮ್ಮನ್ನು ಹೆಚ್ಚು ದಿನ ಕಾಡಿತು.

ಯಂತ್ರವು ಹೀಗೇಕೆ ಮಾಡಿತೆಂದು ಮೊದಲು ತಿಳಿಯುವುದು ಯುಕ್ತ. ಅದು ಕಲ್ಲನ್ನು ಕಂಡಿಲ್ಲ, ಕಲ್ಲಿನ ಚಿತ್ರಗಳನ್ನು ಕಂಡಿದೆ. ಚಿತ್ರವನ್ನೂ ಅದರ ಕೆಳಗಿನ ವಿವರಣೆಯನ್ನೂ ಜೋಡಿಜೋಡಿಯಾಗಿ ಕೋಟಿಗಟ್ಟಲೆ ಸಂಗ್ರಹಿಸಿ ಅದಕ್ಕೆ ಉಣಿಸುತ್ತಾರೆ. 2022ರಲ್ಲಿ ಪ್ರಕಟವಾದ ಇಂಥ ಒಂದು ಸಂಗ್ರಹದಲ್ಲಿ ಸುಮಾರು 585 ಕೋಟಿ ಜೋಡಿಗಳಿದ್ದವು. ಬಳಿಕ ಯಂತ್ರವು ಅರ್ಥವಿಲ್ಲದ ಚುಕ್ಕೆಗಳ ಗೊಂದಲದಿಂದ ಆರಂಭಿಸಿ, ನಾವು ಕೊಟ್ಟ ಮಾತಿಗೆ ಹೊಂದುವಂತೆ ಆ ಗೊಂದಲವನ್ನು ಹಂತಹಂತವಾಗಿ ತಿದ್ದಿ ಚಿತ್ರವಾಗಿಸುತ್ತದೆ. ಯಾವುದರ ಚಿತ್ರಗಳು ಸಂಗ್ರಹದಲ್ಲಿ ಹೇರಳವೋ ಅದು ಸರಿಯಾಗಿ ಬರುತ್ತದೆ. ವಿರಳವಾದುದನ್ನು ಅಕ್ಕಪಕ್ಕದ ಸಾಮಗ್ರಿಯಿಂದ ತುಂಬಿಸಿಕೊಳ್ಳುತ್ತದೆ. ನಮ್ಮ ಬೀಸುಕಲ್ಲೂ ನಮ್ಮ ಲಿಪಿಯೂ ಅಲ್ಲಿ ವಿರಳ. ಅಕ್ಷರವನ್ನು ಅದು ಓದುವ ವಸ್ತುವೆಂದು ಎಣಿಸಲಿಲ್ಲ, ಗೋಡೆಯ ಕಲೆಯಂತೆ ಬರೆದಿತು. ಇದರಲ್ಲಿ ದುರುದ್ದೇಶವಿಲ್ಲ. ಉದ್ದೇಶವೇ ಇಲ್ಲದಲ್ಲಿ ದುರುದ್ದೇಶ ಎಲ್ಲಿಂದ ಬಂದೀತು?

ಹಾಗಾದರೆ ಯಂತ್ರದಿಂದ ಆದ ಚಿತ್ರವೆಲ್ಲ ಮಿಥ್ಯೆಯೇ? ಇಲ್ಲಿ ಆತುರದ ತೀರ್ಪು ಕೂಡದು. ಗಣಕಯಂತ್ರದಿಂದ ಹುಟ್ಟಿದ ಮುಖಚಿತ್ರಗಳಲ್ಲಿ ಪ್ರಾಯಃ ಜಗತ್ತಿನಲ್ಲೆಲ್ಲ ಹೆಚ್ಚು ಪರಿಚಿತವಾದುದು 1979ರದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಜಾಯ್ ಡಿವಿಜನ್ ಎಂಬ ವಾದ್ಯಗೋಷ್ಠಿಯ 'ಅನ್‌ನೋನ್ ಪ್ಲೆಷರ್ಸ್' ಎಂಬ ಗಾನಮುದ್ರಿಕೆ ಅದು. ಕಪ್ಪು ಹೊದಿಕೆಯ ನಡುವೆ ಒಂದರ ಕೆಳಗೊಂದು ಬಿಳಿಯ ಗೆರೆಗಳು. ಪ್ರತಿಯೊಂದು ಗೆರೆಯೂ ನಡುಭಾಗದಲ್ಲಿ ಎದ್ದು ಬಿದ್ದು, ದೂರದಿಂದ ನೋಡಿದರೆ ಬೆಟ್ಟಗಳ ಸಾಲು. ಅವು ಬೆಟ್ಟಗಳಲ್ಲ. 1967ರಲ್ಲಿ ಕೇಂಬ್ರಿಜ್‌ನಲ್ಲಿ ಜಾಸೆಲಿನ್ ಬೆಲ್ ಎಂಬ ಸಂಶೋಧನ ವಿದ್ಯಾರ್ಥಿನಿಯು ಮೊದಲು ಗುರುತಿಸಿದ, 1.337 ಸೆಕೆಂಡಿಗೊಮ್ಮೆ ಮಿಡಿಯುವ ನಕ್ಷತ್ರದ ರೇಡಿಯೋ ಸ್ಪಂದನಗಳು. ಪೋರ್ಟೋ ರಿಕೋ ದ್ವೀಪದ ಅರೆಸಿಬೋ ದೂರದರ್ಶಕದಲ್ಲಿ ದೊರೆತ ಸ್ಪಂದನಗಳನ್ನು ಹೆರಾಲ್ಡ್ ಕ್ರಾಫ್ಟ್ ಎಂಬ ವಿದ್ಯಾರ್ಥಿಯು ಗಣಕಯಂತ್ರದಿಂದ ಗೆರೆಗಳಾಗಿ ಬರೆಯಿಸಿದನು. ಮುಂದಿನ ಗೆರೆಯ ಉಬ್ಬಿನ ಹಿಂದೆ ಹಿಂದಿನ ಗೆರೆಯು ಮರೆಯಾಗುವಂತೆ ಯಂತ್ರಕ್ಕೆ ಸೂಚನೆಗಳನ್ನು ರಚಿಸಿದವನೂ ಅವನೇ. 1970ರಲ್ಲಿ ಅದು ಅವನ ಪ್ರಬಂಧದಲ್ಲಿ ಸೇರಿತು. 1977ರ ಒಂದು ಖಗೋಳ ವಿಶ್ವಕೋಶದಲ್ಲಿ ಅಚ್ಚಾಯಿತು. ಅಲ್ಲಿ ಕಂಡ ಚಿತ್ರವನ್ನು ಗೋಷ್ಠಿಯವರು ಪೀಟರ್ ಸೆವಿಲ್ ಎಂಬ ವಿನ್ಯಾಸಕಾರನಿಗೆ ಕೊಟ್ಟರು. ಬಿಳಿಯ ಮೇಲೆ ಕಪ್ಪಾಗಿದ್ದುದನ್ನು ಅವನು ಕಪ್ಪಿನ ಮೇಲೆ ಬಿಳಿಯಾಗಿ ತಿರುಗಿಸಿ ಹೊದಿಕೆ ಮಾಡಿದನು.

ನಮ್ಮ ವಿದ್ಯಾರ್ಥಿಗಳು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಚಿತ್ರದ ಗೆರೆಗಳನ್ನು ರೂಪಿಸಿದುದು ಯಂತ್ರ. ಆದರೂ ಅದರಲ್ಲಿ ಸುಳ್ಳಿಲ್ಲ. ಯಾವುದೋ ಒಂದು ನಕ್ಷತ್ರವು ನಿಜವಾಗಿ ಮಿಡಿದುದಕ್ಕೆ ಅದು ದಾಖಲೆ. ಆದುದರಿಂದ ಕೈಯಿಂದ ಬರೆದುದು ಸತ್ಯ, ಯಂತ್ರದಿಂದ ಆದುದು ಮಿಥ್ಯೆ ಎಂಬ ವಿಭಾಗ ನಿಲ್ಲುವುದಿಲ್ಲ. ರವಿವರ್ಮನು ಕೈಯಾರೆ ಬರೆದ ಸರಸ್ವತಿಯ ಮುಖವನ್ನು ಅವನು ಎಲ್ಲಿ ಕಂಡಿದ್ದನೆಂದು ಯಾರೂ ಕೇಳುವುದಿಲ್ಲ. ಕಂಡಿದ್ದೇನೆಂದು ಅವನೂ ಹೇಳಿಕೊಳ್ಳಲಿಲ್ಲ. ಕಲ್ಪನೆಯೆಂದು ಒಪ್ಪಿಕೊಂಡ ಕಲ್ಪನೆಗೆ ದೋಷವಿಲ್ಲ. ನಮ್ಮ ಹೊದಿಕೆಯ ಮುದುಕಿಯಾದರೋ 'ಒಳಗೆ ಹಾಡಿದವಳು ನಾನೇ' ಎಂಬಂತೆ ಕುಳಿತಿದ್ದಳು. ಅಲ್ಲಿತ್ತು ತಪ್ಪು.

ಆದರೆ ಆ ಇಂಗ್ಲೆಂಡಿನ ಹೊದಿಕೆಯೂ ನಿರ್ದೋಷವೆನ್ನಲು ಬರುವಂತಿಲ್ಲ. ತನ್ನ ಚಿತ್ರ ಮುಖಚಿತ್ರವಾದುದು ಕ್ರಾಫ್ಟನಿಗೆ ತಿಳಿಯಲೇ ಇಲ್ಲ. ಬಳಿಕ ಸಹೋದ್ಯೋಗಿಯೊಬ್ಬನು ಹೇಳಲಾಗಿ, ಅಂಗಡಿಗೆ ಹೋಗಿ ತಾನೂ ಒಂದು ಪ್ರತಿಯನ್ನು ಕೊಂಡನಂತೆ. ಅವನು ಅದಕ್ಕಾಗಿ ಜಗಳ ಕಾಯಲಿಲ್ಲ. ಅದು ಅವನ ದೊಡ್ಡತನ. ಜಗವೆಲ್ಲ ಅಂಗಿಗಳ ಮೇಲೆ ಆ ಗೆರೆಗಳನ್ನು ಅಚ್ಚುಹಾಕಿಸಿಕೊಂಡು ಮೆರೆಯಿತು. ಅವನ ಹೆಸರು ವ್ಯಾಪಕವಾಗಿ ತಿಳಿದುಬಂದುದು 2015ರಲ್ಲಿ, ವಿಜ್ಞಾನಪತ್ರಿಕೆಯೊಂದು ಚಿತ್ರದ ಮೂಲವನ್ನು ಹುಡುಕಿ ಬರೆದ ಮೇಲೆ. ಆ ಬಗೆಯ ನಕ್ಷತ್ರಗಳ ಶೋಧಕ್ಕಾಗಿ 1974ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ ಅದು ಜಾಸೆಲಿನ್ ಬೆಲ್ಲಳ ಗುರುಗಳಿಗೆ ಸಂದಿತೇ ಹೊರತು ಅವಳಿಗಲ್ಲ. ಅರೆಸಿಬೋ ದೂರದರ್ಶಕವೂ 2020ರ ಡಿಸೆಂಬರಿನಲ್ಲಿ ಕುಸಿದುಬಿದ್ದಿತು. ಚಿತ್ರ ಉಳಿದಿದೆ. ಸತ್ಯವಾದ ಚಿತ್ರ, ಆದರೆ ಹೆಸರಿಲ್ಲದ ಚಿತ್ರ.

ಹೆಸರಿನ ಮಾತು ಬಂದುದರಿಂದ ಗ್ರಾಮೊಫೋನಿನ ಮೊದಲ ದಿನಗಳಿಗೆ ಹೋಗಬೇಕಾಗಿದೆ. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯು ಹಾಡಿದ ತಟ್ಟೆಗಳನ್ನು ಅಚ್ಚುಹಾಕಲು ಜರ್ಮನಿಯ ಹ್ಯಾನೋವರಿಗೆ ಕಳಿಸುತ್ತಿದ್ದರು. ಅಲ್ಲಿಯ ಕೆಲಸಗಾರರಿಗೆ ಯಾವ ಕಂಠ ಯಾರದೆಂದು ತಿಳಿಯಬೇಕಲ್ಲವೆ? ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ಚಿತ್ರದ ಹೊದಿಕೆಗಳು ಇನ್ನೂ ಹುಟ್ಟಿರಲಿಲ್ಲ. ತಟ್ಟೆಯು ಸಾದಾ ಕಾಗದದ ಚೀಲದಲ್ಲಿ ಬರುತ್ತಿತ್ತು. ಚಿತ್ರವಿದ್ದ ಹೊದಿಕೆಯನ್ನು ರೂಢಿಗೆ ತಂದವನು ಅಮೆರಿಕದ ಅಲೆಕ್ಸ್ ಸ್ಟೈನ್‌ವೈಸ್. ಅವನು ಕೊಲಂಬಿಯಾ ಕಂಪನಿಯನ್ನು ಸೇರಿದುದು 1939ರಲ್ಲಿ. ಅಲ್ಲಿಯವರೆಗೆ ಕಂಠವೇ ತನಗೆ ತಾನು ಮುಖಪುಟವಾಗಿತ್ತೆನ್ನಬೇಕು. ಈ ಗೌಹರ್ ಜಾನ್ 1930ರಲ್ಲಿ ತೀರಿಕೊಂಡುದು ನಮ್ಮ ಮೈಸೂರಿನಲ್ಲಿ. ಹುಬ್ಬಳ್ಳಿಯಲ್ಲಿ ಬೆಳೆದು ದೇಶಕ್ಕೆಲ್ಲ ಗಂಗೂಬಾಯಿ ಹಾನಗಲ್ಲರೆಂದು ಪರಿಚಿತರಾದವರ ಮೊದಮೊದಲಿನ ತಟ್ಟೆಗಳ ಮೇಲೆ ಇದ್ದುದು 'ಗಾಂಧಾರಿ ಹುಬ್ಳಿ' ಎಂಬ ಹೆಸರು. ಹಳೆಯ ತಟ್ಟೆಗಳನ್ನು ಕೂಡಿಹಾಕುವವನು ಇದನ್ನು ಅರಿಯದಿದ್ದರೆ ಒಂದೇ ಕಂಠವನ್ನು ಎರಡು ಪೆಟ್ಟಿಗೆಗಳಲ್ಲಿ ಇಟ್ಟಾನು. ಹೊದಿಕೆಯ ಮೇಲಿನ ಎರಡು ಮಾತು ಎಷ್ಟು ಕಾಲದ ಜ್ಞಾನವನ್ನು ಕಾಯುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಇಲ್ಲಿ ನಮ್ಮ ಹಿರಿಯ ಮಿತ್ರರೊಬ್ಬರು ಎತ್ತಿದ ಆಕ್ಷೇಪವನ್ನು ಮರೆಮಾಚಲಾರೆವು. "ಹೆಸರಿಗೆ ಆಸೆಪಡುವುದು ಪಾಶ್ಚಾತ್ಯ ರೋಗ. ಜಲಸಂಗಿಗೆ ಹೋಗಿ ನೋಡಿರಿ" ಎಂದರು ಅವರು. ಹುಮನಾಬಾದ ತಾಲೂಕಿನ ಜಲಸಂಗಿಯ ದೇವಾಲಯ ಇಲ್ಲಿಗೆ ದೂರವಲ್ಲ, ನಾವೂ ನೋಡಿದ್ದೇವೆ. ಅಲ್ಲಿಯ ಶಿಲಾಬಾಲಿಕೆಯೊಬ್ಬಳು ಬೆನ್ನು ತಿರುಗಿಸಿ ನಿಂತು ಶಾಸನವನ್ನು ಬರೆಯುತ್ತಿದ್ದಾಳೆ. ಬರೆದುದು ಚಾಲುಕ್ಯ ವಿಕ್ರಮಾದಿತ್ಯನ ಕೀರ್ತಿ. ಅವಳನ್ನು ಕಡೆದವನ ಹೆಸರು ನೋಡಲು ಬಂದ ಯಾವನ ನಾಲಗೆಯ ಮೇಲೂ ಇಲ್ಲ. ಹಾಗೆಂದು ಕಲೆಗೆ ಕುಂದಾಯಿತೇ ಎಂಬುದು ಅವರ ಪ್ರಶ್ನೆ.

ನಮ್ಮ ಸಮಾಧಾನವಿಷ್ಟು. ಸೋಮನಾಥಪುರದ ಮಲ್ಲಿತಮ್ಮನು ತಾನು ಕಡೆದ ವಿಗ್ರಹಗಳ ಪೀಠದಲ್ಲಿ ತನ್ನ ಹೆಸರನ್ನು ಕೊರೆದನು. ಅದರಿಂದ ವಿಗ್ರಹಗಳಿಗೆ ಪಾಶ್ಚಾತ್ಯ ರೋಗವೇನೂ ತಗಲಲಿಲ್ಲ. ಕಲ್ಯಾಣದ ಶರಣರು ತಮ್ಮ ಹೆಸರನ್ನು ಬಿಟ್ಟು ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟರು, ನಿಜ. ಆದರೆ ಕೂಡಲಸಂಗಮದೇವ ಎಂದೊಡನೆ ಇದು ಬಸವಣ್ಣನವರ ವಚನವೆಂದು ನಾಲ್ಕನೆಯ ಇಯತ್ತೆಯ ಹುಡುಗಿಯೂ ಹೇಳುತ್ತಾಳೆ. ಅಂಕಿತವು ಅಹಂಕಾರವನ್ನು ಅಳಿಸಿತು, ಹೊಣೆಯನ್ನು ಅಳಿಸಲಿಲ್ಲ. ಆಡಿದ ಮಾತಿಗೆ ಉತ್ತರ ಕೊಡುವವರು ಯಾರೆಂಬುದು ಅನುಭವ ಮಂಟಪದಲ್ಲಿ ಯಾರಿಗೂ ಸಂದೇಹವಿರಲಾರದು. ಮೇಲಾಗಿ, ತನ್ನ ಹೆಸರನ್ನು ತಾನೇ ಬಿಡುವುದು ತ್ಯಾಗವಾದೀತು. ಆಯಿಯ ಹೆಸರನ್ನು ನಾವು ಬಿಡುವುದು ಯಾವ ತ್ಯಾಗ?

ಪುಣೆಯ ಹೇಮಾ ರಾಯರಕರ ಹಾಗೂ ಗೀ ಪ್ವಾತ್ವಾಂ ಅವರು ಮಹಾರಾಷ್ಟ್ರದ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಬೀಸುವ ಪದಗಳನ್ನು ಕೂಡಿಸಿದರು. ಹಾಡಿದವಳ ಹೆಸರು, ಅವಳ ಊರು ಸಹಿತ ಬರೆದಿಟ್ಟರು. ಒಂದು ಲಕ್ಷ ಪದಗಳಿಗೆ ಅವರು ಮಾಡಿದ ಕೆಲಸವನ್ನು ಹದಿನಾಲ್ಕು ಪದಗಳಿಗೆ ನಾವು ಮಾಡದೆ ಹೋದೆವು. ನಮ್ಮ ಹೊದಿಕೆಯಲ್ಲಿ ಸಂಘದ ಹೆಸರು ದಪ್ಪಕ್ಷರದಲ್ಲಿದ್ದಿತು, ಆಯಿಯ ಹೆಸರು ಹಿಂಬದಿಯಲ್ಲಿ ಸಣ್ಣದಾಗಿ ಇದ್ದಿತು. ಚಿತ್ರ ಯಾರದೆಂಬ ಮಾತೇ ಇರಲಿಲ್ಲ.

ಇನ್ನು ಕಾಯಿದೆಯು ಏನೆನ್ನುತ್ತದೆ? ಭಾರತದ ಕೃತಿಸ್ವಾಮ್ಯದ ಕಾಯಿದೆ 1957ರದು. 1994ರ ತಿದ್ದುಪಡಿಯಲ್ಲಿ ಗಣಕಯಂತ್ರದಿಂದ ಉತ್ಪನ್ನವಾದ ಕೃತಿಯ ವಿಷಯವಾಗಿ ಒಂದು ಮಾತು ಸೇರಿತು: ಅಂಥ ಕೃತಿಯನ್ನು ಆಗುವಂತೆ ಮಾಡಿದ ವ್ಯಕ್ತಿಯೇ ಅದರ ಕರ್ತೃ. ಅಮೆರಿಕದ ನ್ಯಾಯಾಲಯದ ಮುಂದೆ ಯಂತ್ರವನ್ನೇ ಕರ್ತೃವೆಂದು ಒಪ್ಪಬೇಕೆಂದು ಒಬ್ಬನು ಮೊರೆಯಿಟ್ಟನು. 2023ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ, 2025ರಲ್ಲಿ ಮೇಲಿನ ನ್ಯಾಯಾಲಯವೂ ಒಪ್ಪಲಿಲ್ಲ. ಕರ್ತೃ ಮನುಷ್ಯನೇ ಆಗಬೇಕು. ನಮ್ಮ ತಿದ್ದುಪಡಿಯನ್ನು ಬರೆದವರ ಕಣ್ಣಮುಂದೆ ಇಂದಿನ ಯಂತ್ರಗಳಿರಲಿಲ್ಲ. 'ಆಗುವಂತೆ ಮಾಡಿದವನು' ಯಾರು, ನಾಲ್ಕು ಮಾತು ಬೆರಳಚ್ಚಿಸಿದವನೇ, ಯಂತ್ರವನ್ನು ಕಟ್ಟಿದ ಕಂಪನಿಯೇ, ಅದಕ್ಕೆ ಉಣಿಸಿದ ಕೋಟಿ ಚಿತ್ರಗಳನ್ನು ಬರೆದವರೇ ಎಂದು ವಕೀಲರು ಇನ್ನು ಬಹುಕಾಲ ವಾದಿಸಿಯಾರು. ಲಾಭದ ಪಾಲು ಹಂಚುವಾಗ ಆ ವಾದ ಬೇಕು. ತಪ್ಪಿನ ಪಾಲು ಹಂಚುವಾಗ ನಮಗೆ ಅದರ ಗೊಡವೆ ಬೇಕಾಗಲಿಲ್ಲ. ಮಾತು ಬೆರಳಚ್ಚಿಸಿದವರು ನಾವು, ಭಲೆ ಎಂದವರು ನಾವು, ಹಣ ಕೊಟ್ಟು ಅಚ್ಚುಹಾಕಿಸಿದವರು ನಾವು. ಬೀಸಲಾಗದ ಆ ಬೀಸುಕಲ್ಲಿನ ಕರ್ತೃಗಳು ನಾವೇ. 'ಯಂತ್ರ ಹಾಗೆ ಮಾಡಿಬಿಟ್ಟಿತು' ಎಂದು ಮೊದಲ ದಿನ ಆಯಿಗೆ ಹೇಳಿದ ಮಾತನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಶಾಲೆಯಲ್ಲಿ ಮಸಿಕುಡಿಕೆ ಉರುಳಿಸಿದ ಹುಡುಗನು 'ಅದೇ ಬಿತ್ತು, ಸರ್' ಎಂದರೆ ನಾವು ಒಪ್ಪುತ್ತೇವೆಯೇ?

ಚಿತ್ರಕಾರರ ಹೊಟ್ಟೆಯ ಪ್ರಶ್ನೆಯೂ ಇಲ್ಲಿದೆ. ಫಲಕ ಬರೆದು ಬದುಕುವವನ ಕುಂಚವನ್ನು ಈ ಯಂತ್ರ ಕಿತ್ತುಕೊಳ್ಳುತ್ತದೆ ಎನ್ನುವವರ ಮಾತನ್ನು ನಾವು ಹಗುರಾಗಿ ಎಣಿಸೆವು. ಅದು ಪ್ರತ್ಯೇಕವಾಗಿ, ಬಲ್ಲವರಿಂದ ವಿಚಾರಿಸಲ್ಪಡತಕ್ಕ ವಿಷಯ.

ಹೊಣೆಯನ್ನು ಒಪ್ಪಿಕೊಂಡ ಮೇಲೆ ಮಾಡಬೇಕಾದುದೇನು? ಮೊದಲು ಹೊಳೆದ ಉಪಾಯ ಆಯಿಯ ಭಾವಚಿತ್ರ. ಅದಕ್ಕಿಂತ ನಿಜವಾದ ಸಾಕ್ಷಿ ಮತ್ತಾವುದು ಎಂದು ನಮ್ಮ ಹಮ್ಮು. ಆಯಿ ಕೈಯಾಡಿಸಿ ಬೇಡವೆಂದರು. "ನನ್ನ ಮಾರಿ ಯಾತಕ್ಕ ಬೇಕ್ರಿ? ಹಾಡು ನನ್ನ ಮಾರಿದಲ್ಲ. ಆ ಕಲ್ಲರೆ ಖರೇದು ಹಾಕ್ರಿ." ನಾವು ಮತ್ತೊಮ್ಮೆ ತಪ್ಪುವುದರಲ್ಲಿದ್ದೆವು, ಒಪ್ಪದವರ ಮುಖವನ್ನು ಒಪ್ಪಿಗೆಯಿಲ್ಲದೆ ನೂರು ಮನೆಗಳಿಗೆ ಕಳಿಸುವುದು ಎಷ್ಟೇ ಸತ್ಯವಾದ ಚಿತ್ರವಾದರೂ ನ್ಯಾಯವಾಗುತ್ತಿರಲಿಲ್ಲ.

ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಆಯಿಯ ಪಡಸಾಲೆಯ ಮೂಲೆಯಲ್ಲಿದ್ದ ಕಲ್ಲನ್ನು ಸೀಸಕಡ್ಡಿಯಿಂದ ಬರೆದಳು. ಗೂಟ ಅಂಚಿನಲ್ಲಿ ಬಂದಿತು. ಗೂಟದ ತಲೆ ಒಂದು ಬದಿಗೆ ಸವೆದುದೂ ಬಂದಿತು. ಬರೆದುದನ್ನು ಗಣಕಯಂತ್ರಕ್ಕೆ ಏರಿಸಿ ಅಲ್ಲಿಯೇ ಬಣ್ಣ ತುಂಬಿದೆವು. ಯಂತ್ರವನ್ನು ನಾವು ಮನೆಯಿಂದ ಹೊರಗೆ ಹಾಕಲಿಲ್ಲ. ಅಚ್ಚಿನ ಹೊತ್ತಿಗೆ ಬೇರೊಂದು ತೊಡಕು ಹುಟ್ಟಿತು. ಗಣಕಯಂತ್ರದ ತೆರೆಯು ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸಿ ಬಣ್ಣ ತೋರಿಸುತ್ತದೆ. ಅಚ್ಚಿನ ಯಂತ್ರವಾದರೋ ತಿಳಿನೀಲಿ, ಗುಲಾಬಿಗೆಂಪು, ಹಳದಿ, ಕಪ್ಪು ಎಂಬ ನಾಲ್ಕು ಮಸಿಗಳ ಸಣ್ಣ ಚುಕ್ಕೆಗಳಿಂದ. ತೆರೆಯ ಮೇಲೆ ಬೆಳಗಿದ ಹೊಂಬಣ್ಣವು ಕಾಗದದ ಮೇಲೆ ಕೆಸರಾಯಿತು. ಉದಗೀರದ ಛಾಪಖಾನೆಯ ತರುಣನು ಅದನ್ನು ಮೂರು ಸಲ ತಿದ್ದಿ, ಕೊನೆಗೆ ದೀಪವನ್ನೇ ತೆಗೆದು ಬಿಡಿರೆಂದು ಸೂಚಿಸಿದನು. ತೆಗೆದೆವು. ಕಲ್ಲು ಮಾತ್ರ ಉಳಿಯಿತು, ಸುತ್ತಲೂ ಜೋಳದ ಹಿಟ್ಟಿನ ಬಿಳಿ.

ಹಿಂಬದಿಯಲ್ಲಿ ಹೆಸರುಗಳನ್ನು ಬರೆದೆವು: ಹಾಡಿದವರು, ಊರು, ಧ್ವನಿ ಮುದ್ರಿಸಿದವರು, ಕಲ್ಲನ್ನು ಬರೆದ ಹುಡುಗಿ, ಬಣ್ಣ ತಿದ್ದಿದ ತರುಣ. ಕೆಟ್ಟ ನೂರು ಹೊದಿಕೆಗಳಲ್ಲಿ ಒಂದನ್ನು ಸಂಘದ ಕಪಾಟಿನಲ್ಲಿ ಇರಿಸಿಕೊಂಡಿದ್ದೇವೆ. ಉಳಿದವುಗಳ ಬರಿಯ ಬೆನ್ನು ಶಾಲೆಯಲ್ಲಿ ಪಾಟಿಯ ಬದಲು ಬಳಕೆಯಾಯಿತು.

ಹೊಸ ಹೊದಿಕೆಯನ್ನು ಓದಿ ಹೇಳಿದಾಗ ಆಯಿ ತಮ್ಮ ಹೆಸರು ಬಂದ ಕಡೆ ತಡೆದರು. ಪದಗಳನ್ನು ತಾವು ಕಟ್ಟಿದವರಲ್ಲ, ಅತ್ತೆಯಿಂದ ಕಲಿತವು. ಎದುರುಬದುರು ಕುಳಿತು ಒಂದೇ ಗೂಟವನ್ನು ಇಬ್ಬರೂ ಹಿಡಿದು ಬೀಸುವಾಗ ಕಲಿತವು. ಅತ್ತೆಯ ಹೆಸರು ಎಲ್ಲಿ ಎಂದು ಕೇಳಿದರು. ಬರೆದುಕೊಂಡೆವು. ಅತ್ತೆಯು ಯಾರಿಂದ ಕಲಿತಿದ್ದರು? ಅವರ ಅತ್ತೆಯಿಂದಲೇ ಇರಬೇಕು; ಹೆಸರು ಮಾತ್ರ ಆಯಿಗೆ ನೆನಪಾಗಲಿಲ್ಲ. ಆಕೆಯ ತವರೂರಿನ ಹೆಸರು ನೆನಪಿತ್ತು. ಮರುದಿನ ಛಾಪಖಾನೆಗೆ ಹೋಗಿ ಆ ಊರಿನ ಹೆಸರಿಗೆ ಒಂದು ಸಾಲಿನ ಜಾಗ ಮಾಡಿಸಿಕೊಂಡು ಬಂದೆವು.